ಮೇಲ್ಸೇತುವೆಯ ಕೊಳವೆ ನೀರು ಕೆರೆಗೆ ಇಳಿಯುತ್ತಿದೆ, ಇಂಗು ಬಾವಿಗೆ ತಿರುಗಿಸಬಹುದೇ?

ಕೆರೆದಂಡೆ (ಮೇ 4, ಬೆಳಿಗ್ಗೆ)

ನಮ್ಮ ಬಡಾವಣೆ ಬೆಂಗಳೂರಿನ ಹೊರ ವರ್ತುಲ ರಸ್ತೆಗೆ ಅಂಟಿಕೊಂಡಿದೆ. ಒಂದು ಬದಿಗೆ ಕೆರೆ, ಇನ್ನೊಂದು ಬದಿಗೆ ಮೇಲ್ಸೇತುವೆ. ಕೆರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತು ಒತ್ತುವರಿಯತ್ತ ಹೊರಳುತ್ತದೆ, ಆಮೇಲೆ ಬೆಳಗಾದರೂ ಮುಗಿಯುವುದಿಲ್ಲ. ಮೇಲ್ಸೇತುವೆಯ ನಾಲ್ಕು ಕಂಬಗಳಿಗೆ ಬಿಗಿದ ಕೊಳವೆಗಳು ಒಂದು ತೆರೆದ ಚರಂಡಿಗೆ ಬೀಳುತ್ತವೆ, ಆ ಚರಂಡಿ ನೂರು ಹೆಜ್ಜೆ ಹೋಗಿ ಕೆರೆ ಸೇರುತ್ತದೆ. ಹತ್ತು ವರ್ಷದಿಂದ ಅದರ ಪಕ್ಕದಲ್ಲೇ ವಾಯುವಿಹಾರ ಮಾಡಿದ್ದೇನೆ. ಒಮ್ಮೆಯೂ ತಲೆ ಎತ್ತಿ ಆ ಕೊಳವೆಗಳನ್ನು ನೋಡಿದವಳಲ್ಲ.

ಮೊನ್ನೆ ಸಂಜೆ ಮಳೆ ಹಿಡಿದಾಗ ಸೇತುವೆಯ ಕೆಳಗೆ ನಿಂತೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುತ್ತಿದ್ದರು ನಮ್ಮಜ್ಜಿ. ಕೊಳವೆಯಿಂದ ಇಳಿದದ್ದು ಅಪ್ಪಟ ಕಾಫಿ ಡಿಕಾಕ್ಷನ್. ಕೈಯಲ್ಲಿದ್ದ ಬಾಟಲಿ ಖಾಲಿ ಮಾಡಿ ಹಿಡಿದೆ. ಹದಿನೈದು ನಿಮಿಷದ ನಂತರ ಪಕ್ಕದ ಟೀ ಅಂಗಡಿಯಿಂದ ಇನ್ನೊಂದು ಬಾಟಲಿ ತಂದು ಹಿಡಿದೆ, ಅದು ಹಾಲು ಬೆರೆಸಿದ ಕಾಫಿಯ ಬಣ್ಣ. ಮುಕ್ಕಾಲು ಗಂಟೆಗೆ ಹಿಡಿದ ಮೂರನೆಯದು ಹೆಚ್ಚುಕಡಿಮೆ ತಿಳಿ. ಮೂರೂ ಈಗ ಅಡುಗೆಮನೆಯ ಕಿಟಕಿಯಲ್ಲಿ ಕುಳಿತಿವೆ. ಮೊದಲನೆಯದರ ತಳದಲ್ಲಿ ಎರಡು ಬೆರಳಷ್ಟು ಕಪ್ಪು ಹೂಳು, ಮೇಲೆ ಕಾಮನಬಿಲ್ಲಿನ ಎಣ್ಣೆ ಪೊರೆ. ಮನೆಯವರು ಆ ಕಡೆ ನೋಡದೆ ಕಾಫಿ ಕುಡಿಯುತ್ತಿದ್ದಾರೆ.

ಪ್ರಶ್ನೆ ಇದು. ನಮ್ಮ ಸಂಘದವರು ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಯ) ನಿಧಿ ತಂದಿದ್ದಾರೆ. ನಾಲ್ಕು ಕಂಬಗಳ ಬುಡದಲ್ಲಿ ನಾಲ್ಕು ಇಂಗು ಬಾವಿ ತೋಡಿ ಕೊಳವೆಗಳನ್ನು ನೇರವಾಗಿ ಸೇರಿಸುವ ಯೋಜನೆ. ಕೆರೆಯೂ ಉಳಿಯುತ್ತದೆ, ಅಂತರ್ಜಲವೂ ಏರುತ್ತದೆ ಎನ್ನುತ್ತಾರೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ನಾವು ಪಟ್ಟ ಪಾಡು ನೆನೆದರೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೆ ಆ ಮೊದಲ ಬಾಟಲಿಯನ್ನು ನೋಡಿದರೆ ಹೂಂ ಎನ್ನಲೂ ಬಾಯಿ ಬರುವುದಿಲ್ಲ. ತಿಳಿದವರು ಹೇಳಿ.


ಎರಡು ಚಕ್ರ (ಮೇ 4, ಬೆಳಿಗ್ಗೆ)

ಮಳೆ ಬಂದರೆ ನಮ್ಮಂಥ ಬೈಕಿನವರಿಗೆ ಮೇಲ್ಸೇತುವೆಯೇ ಧರ್ಮಛತ್ರ. ಆದರೆ ಮೊಣಕೈ ಮುರಿದ ಕೊಳವೆಯ ಕೆಳಗೆ ನಿಂತವನಿಗೆ ಆಕಾಶದ ಮಳೆಗಿಂತ ಸೇತುವೆಯ ಮಳೆಯೇ ಜಾಸ್ತಿ. ಅಂಗಿಗೆ ಬಿದ್ದ ಆ ಕಪ್ಪು ಕಲೆ ಮೂರು ಒಗೆತಕ್ಕೂ ಹೋಗಲಿಲ್ಲ, ಎಣ್ಣೆಯ ಅಂಟು ಇತ್ತು. ಅದನ್ನು ಬಾವಿಗೆ ಬಿಡುತ್ತೀರಾ, ಮೇಡಂ?


ಲೆಕ್ಕಿಗ (ಮೇ 4, ಮಧ್ಯಾಹ್ನ)

ಮೊದಲು ನೀರೆಷ್ಟು ಎಂದು ನೋಡೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ನಿಮ್ಮ ನಾಲ್ಕು ಕೊಳವೆಗಳಿಗೆ ಬರುವ ಸೇತುವೆಯ ಭಾಗ 300 ಮೀಟರ್ ಉದ್ದ, 15 ಮೀಟರ್ ಅಗಲ ಎಂದಿಟ್ಟುಕೊಳ್ಳಿ, 4,500 ಚದರ ಮೀಟರ್ ಆಯಿತು. 25 ಮಿ.ಮೀ. ಮಳೆ ಬಿದ್ದರೆ 1,12,500 ಲೀಟರ್. ಆವಿ, ಸೋರಿಕೆ ಎಂದು ಹತ್ತರಲ್ಲೊಂದು ಪಾಲು ಕಳೆದರೂ ಒಂದು ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹದಿನೇಳು ಟ್ಯಾಂಕರ್, ಒಂದೇ ಸಂಜೆಗೆ. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿ.ಮೀ., ಅಂದರೆ ವರ್ಷಕ್ಕೆ ಮೂವತ್ತೊಂಬತ್ತು ಲಕ್ಷ ಲೀಟರ್. ನಿಮ್ಮ ಸಂಘದವರ ಕಣ್ಣು ಈ ಸಂಖ್ಯೆಯ ಮೇಲಿದೆ, ತಪ್ಪೇನಿಲ್ಲ.

ಆದರೆ ನಿಮ್ಮ ಮೂರು ಬಾಟಲಿಗಳು ಹೇಳುವುದು ಬೇರೆ. ಕೊಳೆ ಎಲ್ಲ ಲೀಟರುಗಳಿಗೂ ಸಮನಾಗಿ ಹಂಚಿಕೊಂಡಿಲ್ಲ, ಮೊದಲ ಕೆಲವು ಮಿ.ಮೀ. ಮಳೆಯಲ್ಲೇ ಬಹುಪಾಲು ತೊಳೆದು ಬರುತ್ತದೆ. ಮೊದಲ 10 ಮಿ.ಮೀ. ಹಿಡಿದು ಶುದ್ಧಮಾಡಲು ಬೇಕಾದದ್ದು, ಅದೇ ಹತ್ತರಲ್ಲೊಂದು ಪಾಲು ಕಳೆದು, ಸುಮಾರು 40,500 ಲೀಟರಿಗೆ ಜಾಗ. ಅನೇಕ ಸಣ್ಣ ಮಳೆಗಳು ಅಷ್ಟರೊಳಗೇ ಮುಗಿದುಹೋಗುತ್ತವೆ.


ಜೊಂಡು (ಮೇ 4, ರಾತ್ರಿ)

ಲೆಕ್ಕಿಗರು ಹೇಳಿದ್ದು ಸರಿ. ಆ ಡಿಕಾಕ್ಷನ್ ಒಳಗೆ ಏನಿರುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ.

ಟೈರು ಸವೆಯುತ್ತದೆ ಎಂದು ಎಲ್ಲರಿಗೂ ಗೊತ್ತು, ಸವೆದ ರಬ್ಬರ್ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಟೈರಿನಲ್ಲಿ ಸತುವಿನ ಆಕ್ಸೈಡ್ ಇರುತ್ತದೆ, ಆದ್ದರಿಂದ ರಸ್ತೆಯ ನೀರಿನಲ್ಲಿ ಸತು. ಸೇತುವೆಯ ಪಕ್ಕದ ಲೋಹದ ತಡೆಬೇಲಿಗೂ ಸತುವಿನ ಲೇಪ ಇರುತ್ತದೆ, ಅದೂ ಕರಗಿ ಬರುತ್ತದೆ. ಬ್ರೇಕ್ ಪ್ಯಾಡಿನಿಂದ ತಾಮ್ರ. ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು 2010ರಲ್ಲೇ ಬ್ರೇಕ್ ಪ್ಯಾಡಿನ ತಾಮ್ರಕ್ಕೆ ಮಿತಿ ಹಾಕುವ ಕಾನೂನು ಮಾಡಿದವು, ನೀರಿಗೆ ಸೇರುವ ತಾಮ್ರದ ಕಾರಣಕ್ಕೇ. ಜೊತೆಗೆ ಎಂಜಿನ್ ಎಣ್ಣೆ, ಹೊಗೆಯ ಮಸಿ, ಡಾಂಬರಿನ ಪುಡಿ. ಸೀಸ ಬೆರೆಸಿದ ಪೆಟ್ರೋಲ್ ನಮ್ಮಲ್ಲಿ 2000ದಲ್ಲೇ ನಿಂತಿತು, ಆದರೂ ಹಳೆಯ ರಸ್ತೆಗಳ ಅಂಚಿನ ಮಣ್ಣಿನಲ್ಲಿ ಸೀಸದ ನೆನಪು ಇರುತ್ತದೆ.

ಶೀತ ದೇಶಗಳಲ್ಲಿ ರಸ್ತೆಗೆ ಎರಚಿದ ಉಪ್ಪಿನದೇ ದೊಡ್ಡ ತಲೆನೋವು. ನಮಗೆ ಆ ಕಾಟವಿಲ್ಲ. ನಮ್ಮ ಕಾಟ ನವೆಂಬರಿನ ಕೊನೆಯಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳು. ಅಷ್ಟೂ ದಿನ ಬಿದ್ದದ್ದೆಲ್ಲ ಸೇತುವೆಯ ಅಂಚಿನಲ್ಲಿ ಕೂಡಿಟ್ಟಂತೆ ಇದ್ದು, ಮಾವಿನ ಮಳೆ ಬಂದ ದಿನ ಒಟ್ಟಿಗೇ ಇಳಿಯುತ್ತದೆ. ಮೇಡಂ ಹಿಡಿದದ್ದು ಇಡೀ ವರ್ಷದ ಅತಿ ಕೊಳಕು ಬಾಟಲಿ ಇದ್ದೀತು. ಅದು ಸಿಕ್ಕಿದ್ದು ಅದೃಷ್ಟವೇ.


ಬಿಡದಿಯವನು (ಮೇ 5, ಬೆಳಿಗ್ಗೆ)

ಕ್ಷಮಿಸಿ, ಸ್ವಲ್ಪ ಕಟುವಾಗಿ ಹೇಳುತ್ತೇನೆ. ನಾನು ಬಿಡದಿ ಬಳಿಯ ಬೈರಮಂಗಲದ ಕಡೆಯವನು. ವೃಷಭಾವತಿ ನದಿ ನಿಮ್ಮ ಬೆಂಗಳೂರು ದಾಟಿ ನಮ್ಮೂರಿಗೆ ಬರುವಾಗ ಯಾವ ಬಣ್ಣದಲ್ಲಿ, ಯಾವ ವಾಸನೆಯಲ್ಲಿ ಬರುತ್ತದೆ ಎಂದು ಬಂದು ನೋಡಿ. ಅದರಲ್ಲಿ ನಿಮ್ಮ ಶೌಚಾಲಯವಿದೆ, ಕಾರ್ಖಾನೆಯಿದೆ. ಅದೇ ನೀರಿನಲ್ಲಿ ಬೆಳೆದ ಸೊಪ್ಪು ತಿರುಗಿ ನಿಮ್ಮ ಮಾರುಕಟ್ಟೆಗೇ ಬರುತ್ತದೆ. ಕೊಳಚೆ ಹೊಳೆಯಾಗಿ ಹರಿಯುವ ಊರಿನಲ್ಲಿ ವರ್ಷಕ್ಕೆ ನಾಲ್ಕು ಮಳೆಯ ಕಪ್ಪು ನೀರಿನ ಚಿಂತೆ ಹೊಟ್ಟೆ ತುಂಬಿದವರ ಚಿಂತೆ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದದ್ದು, ಬೆಂಕಿ ಬಿದ್ದದ್ದು ಟೈರಿನ ಪುಡಿಯಿಂದಲೇ?


ಜೊಂಡು (ಮೇ 5, ಬೆಳಿಗ್ಗೆ)

ಅಲ್ಲ. ಬೆಳ್ಳಂದೂರಿನ ನೊರೆ ಮಾರ್ಜಕ ಬೆರೆತ ಕೊಳಚೆಯದು, ಅದರಲ್ಲಿ ತಕರಾರಿಲ್ಲ. ಗಾತ್ರದಲ್ಲಿ ಕೊಳಚೆಯ ಮುಂದೆ ಸೇತುವೆಯ ನೀರು ಏನೇನೂ ಅಲ್ಲ, ಅದನ್ನೂ ಒಪ್ಪುತ್ತೇನೆ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಕೊಳಚೆಯ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದ ನೀರು ಜೌಗಿನ ಮೂಲಕ ಹಾದು ಕೆರೆಗೆ ಬರುವುದನ್ನು ನೋಡಿದ್ದೀರಲ್ಲ. ಸತುವನ್ನು, ತಾಮ್ರವನ್ನು ಯಾವ ಸೂಕ್ಷ್ಮಜೀವಿಯೂ ತಿಂದು ಮುಗಿಸುವುದಿಲ್ಲ. ಅವು ಕೆರೆಯ ಹೂಳಿಗೆ ಇಳಿದು ವರ್ಷವರ್ಷವೂ ಕೂಡುತ್ತಾ ಹೋಗುತ್ತವೆ. ನಾಳೆ ಕೊಳಚೆ ನಿಂತಿತು ಎಂದುಕೊಳ್ಳಿ, ಆಗಲೂ ಈ ಕೊಳವೆಗಳು ಅಲ್ಲೇ ಇರುತ್ತವೆ.


ಬಿಡದಿಯವನು (ಮೇ 5, ಮಧ್ಯಾಹ್ನ)

ಆ ನಾಳೆ ಬಂದ ದಿನ ನಾನೇ ನಿಮ್ಮ ಕಂಬದ ಬುಡಕ್ಕೆ ಬಂದು ಗುದ್ದಲಿ ಹಿಡಿಯುತ್ತೇನೆ. ಆದರೆ ಹೂಳಿನ ಮಾತು ತಲೆಗೆ ಹೋಯಿತು. ನಮ್ಮ ಕಡೆ ಜಲಾಶಯದ ಹೂಳನ್ನು ಹೊಲಕ್ಕೆ ಹೊಡೆಯುತ್ತಿದ್ದರು, ಈಗ ಯಾರೂ ಮುಟ್ಟುವುದಿಲ್ಲ.


ಬಾವಿಮನೆ (ಮೇ 5, ಸಂಜೆ)

ನಮ್ಮದು ತಲೆಮಾರುಗಳಿಂದ ಬಾವಿ ತೋಡುವ ಮನೆ. ಮಣ್ಣು ವಡ್ಡರು ಎನ್ನುತ್ತಾರೆ ನಮ್ಮವರನ್ನು. ಇಂಗು ಬಾವಿಯಿಂದಲೇ ಈಗ ನಮ್ಮ ಒಲೆ ಉರಿಯುತ್ತಿರುವುದು, ಆದರೂ ಈ ಕೆಲಸ ಬೇಡ ಎಂದೇ ಹೇಳುತ್ತೇನೆ, ಅಮ್ಮ.

2009ರಲ್ಲಿ ಮಳೆ ನೀರು ಸಂಗ್ರಹ ಕಡ್ಡಾಯವಾದ ಮೇಲೆ ಊರಿನ ತಲೆಯಲ್ಲಿ ಒಂದೇ ಮಾತು ಕುಳಿತುಬಿಟ್ಟಿದೆ: ಮಳೆ ನೀರು ಕಂಡರೆ ಇಂಗಿಸು. ತಾರಸಿಯ ನೀರಿಗೆ ಆ ಮಾತು ಸರಿ. ತಾರಸಿಯ ಮೇಲೆ ಲಾರಿ ಓಡುವುದಿಲ್ಲ. ನಮ್ಮಲ್ಲಿ ಮೇಲೆ ಕೆಮ್ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಅದರ ಕೆಳಗೆ ಬಿರುಕು ಬಿಟ್ಟ ಬಂಡೆ. ಮಣ್ಣು ಸೋಸುತ್ತದೆ, ಬಂಡೆಯ ಬಿರುಕು ಸೋಸುವುದಿಲ್ಲ. ಬಿರುಕಿಗೆ ಬಿದ್ದ ಎಣ್ಣೆ ಪಕ್ಕದ ಬೀದಿಯ ಕೊಳವೆಬಾವಿಯಲ್ಲಿ ತೇಲಬಹುದು. ಇಪ್ಪತ್ತು ಅಡಿಯ ಬಾವಿಗೆ ನೀರು ಬಿಡುವುದೆಂದರೆ ಸೋಸುವ ಆ ಮಣ್ಣನ್ನು ದಾಟಿಸಿ ಬಿಟ್ಟಂತೆ. ಮೇಲೆ ಮಣ್ಣಿನಲ್ಲಿ ಸೋಸಿ, ಆಮೇಲೆ ಬಾವಿ ಮಾತನಾಡಿ.

ಇನ್ನೊಂದು ಮಾತು. ಸೋಸದ ರಸ್ತೆ ನೀರು ಬಿಟ್ಟ ಬಾವಿ ಬೇಗ ಕಟ್ಟಿಕೊಳ್ಳುತ್ತದೆ. ರಸ್ತೆ ಬದಿಯ ಅಂಥ ಬಾವಿಗೆ ಇಳಿದು ಹೂಳು ಎತ್ತಿದ್ದೇನೆ. ಗ್ರೀಸಿನಂತೆ ಅಂಟುವ ಕೆಸರು, ಮೂರು ದಿನ ಕೈ ನಾತ ಹೋಗಲಿಲ್ಲ.


ಕೆರೆದಂಡೆ (ಮೇ 5, ರಾತ್ರಿ)

ಇದನ್ನು ಹಾಗೆಯೇ ಸಂಘದ ಅಧ್ಯಕ್ಷರಿಗೆ ಓದಿ ಹೇಳಿದೆ. "ಮೆಟ್ರೊ ಕಂಬಗಳ ಬುಡದಲ್ಲಿ ಇಂಗು ಗುಂಡಿ ಮಾಡಿದ್ದಾರಲ್ಲ" ಎಂದರು. ಏನು ಉತ್ತರ ಕೊಡಲಿ?


ಲೆಕ್ಕಿಗ (ಮೇ 5, ರಾತ್ರಿ)

ಮೆಟ್ರೊ ಹಳಿಯ ಮೇಲೆ ಟೈರಿಲ್ಲ, ಡೀಸೆಲ್ಲಿಲ್ಲ, ಮರಳು ಚೆಲ್ಲುವ ಟಿಪ್ಪರಿಲ್ಲ. ಅದು ತಾರಸಿಗೆ ಹತ್ತಿರ. ಮೇಲ್ಸೇತುವೆ ರಸ್ತೆಯ ಜಾತಿ.


ನಿವೃತ್ತ ಅಭಿಯಂತರ (ಮೇ 6, ಬೆಳಿಗ್ಗೆ)

ಮೂವತ್ತೊಂದು ವರ್ಷ ಸೇತುವೆಗಳ ಕೆಲಸ ಮಾಡಿದವನು ನಾನು. ಈ ಚರ್ಚೆ ಓದಿ ಸ್ವಲ್ಪ ನಾಚಿಕೆ, ಸ್ವಲ್ಪ ಸಂತೋಷ. ನಾಚಿಕೆ ಏಕೆಂದರೆ, ನಾವು ಸೇತುವೆಯ ನೀರನ್ನು ಯೋಚಿಸಿದ್ದು ಒಂದೇ ದೃಷ್ಟಿಯಿಂದ: ಆದಷ್ಟು ಬೇಗ ಕೆಳಗಿಳಿಸು. ಮೇಲೆ ನೀರು ನಿಂತರೆ ವಾಹನ ಜಾರುತ್ತದೆ, ಜಾಯಿಂಟಿನೊಳಗೆ ಇಳಿದರೆ ಬೇರಿಂಗ್ ಮತ್ತು ಕಬ್ಬಿಣ ತುಕ್ಕು ಹಿಡಿಯುತ್ತವೆ. ಅದಕ್ಕಾಗಿ ಎರಡು, ಎರಡೂವರೆ ಶೇಕಡಾ ಅಡ್ಡ ಇಳಿಜಾರು, ಅಂಚಿನಲ್ಲಿ 100 ಮಿ.ಮೀ. ವ್ಯಾಸದ ತೂಬುಗಳು, ಕಂಬದುದ್ದಕ್ಕೆ ಕೊಳವೆ. ಕೊಳವೆ ನೆಲ ಮುಟ್ಟಿದಲ್ಲಿಗೆ ನಮ್ಮ ನಕ್ಷೆ ಮುಗಿಯುತ್ತಿತ್ತು. ಆಚೆಗೆ ಬೇರೆಯವರ ಇಲಾಖೆ.

ಆ ತೂಬುಗಳನ್ನೂ ಕಾಪಾಡಿಕೊಂಡಿಲ್ಲ. ಯಾವುದೇ ಮೇಲ್ಸೇತುವೆಯ ಅಂಚಿನಲ್ಲಿ ನೋಡಿ, ಒಂದು ಗೇಣು ಮಣ್ಣು, ಗರಿಕೆ, ತೂಬಿನ ಬಾಯಿಯಲ್ಲಿ ಅರಳಿ ಸಸಿ. ಸಸಿ ಕಂಡವರು ಕೈ ಮುಗಿದು ಮುಂದೆ ಹೋಗುತ್ತಾರೆಯೇ ಹೊರತು ಕೀಳುವುದಿಲ್ಲ. ಮಣ್ಣು ಅಲ್ಲಿ ನಿಂತದ್ದರಿಂದಲೇ ಮೊದಲ ಮಳೆ ಅಷ್ಟು ಕಪ್ಪಾಗುವುದು. ಆದ್ದರಿಂದ ನನ್ನ ಮೊದಲ ಸಲಹೆ ಕೆಳಗಿನದಲ್ಲ, ಮೇಲಿನದು. ಏಪ್ರಿಲ್‌ಗೆ ಮುಂಚೆ ಆ ಅಂಚಿನ ಮಣ್ಣನ್ನು ಎತ್ತಿಸಿ. ಅದು ಶುದ್ಧೀಕರಣದ ಅರ್ಧ ಕೆಲಸ, ಜೊತೆಗೆ ಸೇತುವೆಗೂ ಆಯುಷ್ಯ.


ಜೊಂಡು (ಮೇ 6, ಬೆಳಿಗ್ಗೆ)

ಸರ್ ಹೇಳಿದ್ದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದ ಮೇಲೆ 2016ರಲ್ಲಿ ಹೊಸ ತೇಲುಸೇತುವೆ ತೆರೆದರು. ನೀರಿನ ಮೇಲೆ ತೇಲುವ ಸೇತುವೆಗೆ ಹೊಂಡ, ಜೌಗು ಕಟ್ಟಲು ನೆಲ ಎಲ್ಲಿಂದ ತರುವುದು? ಅಲ್ಲಿ ನೆಚ್ಚಿಕೊಂಡದ್ದು ಮುಖ್ಯವಾಗಿ ಗುಡಿಸುವ ಯಂತ್ರವನ್ನು ಮತ್ತು ಹೂಳು ಹಿಡಿಯುವ ತೊಟ್ಟಿಗಳನ್ನು. ಟ್ಯಾಂಕರ್ ಮಗುಚಿ ಎಣ್ಣೆ ಚೆಲ್ಲಿದರೆ ಸರೋವರಕ್ಕೆ ಹೋಗದಂತೆ ತಡೆದು ನಿಲ್ಲಿಸುವ ಏರ್ಪಾಡೂ ಇದೆ. ಪೊರಕೆ ಉರುಳೆಯ ಯಂತ್ರವಾದರೆ ಕಸ ಹೋಗುತ್ತದೆ, ನುಣ್ಣನೆಯ ಧೂಳು ಹಾರಿ ಅಲ್ಲೇ ಕೂರುತ್ತದೆ. ಲೋಹಗಳು ಹೆಚ್ಚು ಅಂಟಿರುವುದು ಆ ನುಣ್ಣನೆಯ ಧೂಳಿಗೇ. ಹೀರುವ ಯಂತ್ರ ಬೇಕು.

ಅದೇ ನಗರದ ಇನ್ನೊಂದು ಸೇತುವೆ ಅರೋರಾ, 1932ರದು. ಅದರ ಕೊಳವೆ ನೀರನ್ನು ಕೆಳಗಿನ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗಿಡಗಳ ಪಾತಿಗಳಿಗೆ ಬಿಟ್ಟಿದ್ದಾರೆ. ಮರಳು, ಗೊಬ್ಬರ ಬೆರೆಸಿದ ಮಣ್ಣು, ಮೇಲೆ ಗಿಡ, ಅಷ್ಟೇ. ಅಲ್ಲಿಯವರಿಗೆ ಅವಸರವಿದ್ದದ್ದು ಸಾಲ್ಮನ್ ಮೀನಿನ ಕಾರಣಕ್ಕೆ. ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್ ಮೊಟ್ಟೆಯಿಡುವ ಮುಂಚೆಯೇ ಸಾಯುತ್ತಿದ್ದವು. ಟೈರು ಬಿರಿಯದಂತೆ ಸೇರಿಸುವ ರಾಸಾಯನಿಕ ಗಾಳಿಯ ಓಝೋನ್ ತಾಗಿ 6ಪಿಪಿಡಿ-ಕ್ವಿನೋನ್ ಆಗುತ್ತದೆ, ಕೊಲ್ಲುವುದು ಅದೇ ಎಂದು 2020ರ ಡಿಸೆಂಬರಿನಲ್ಲಿ ಗೊತ್ತಾಯಿತು. ಅದಕ್ಕೂ ಮುಂಚೆಯೇ ರಸ್ತೆ ನೀರನ್ನು ಇಂಥ ಮಣ್ಣಿನ ಮೂಲಕ ಹಾಯಿಸಿದರೆ ಅದೇ ಮೀನು ಬದುಕುತ್ತದೆ ಎಂದು ಪ್ರಯೋಗ ತೋರಿಸಿತ್ತು. ಕಾರಣ ತಿಳಿಯುವ ಮೊದಲೇ ಮದ್ದು ಸಿಕ್ಕಿತ್ತು.

ಇದನ್ನು ಓದಿ ನಾಳೆ ನಮ್ಮ ಕೆರೆಯಲ್ಲಿ ಮೀನು ಸತ್ತರೆ ಟೈರು ಎಂದು ಕೂಗಬೇಡಿ. ಅದೇ ಜಾತಿಯ ಇನ್ನೊಂದು ಮೀನು, ಚಮ್ ಸಾಲ್ಮನ್, ಆ ನೀರಿನಲ್ಲಿ ಸಾಯುವುದಿಲ್ಲ. ನಮ್ಮ ಕೆರೆಗಳಲ್ಲಿ ಮೀನು ಸಾಯುವಾಗ ಮೊದಲು ನೋಡಬೇಕಾದದ್ದು ಕೊಳಚೆ ಮತ್ತು ಆಮ್ಲಜನಕ.


ನಿರ್ವಾಹಕರು (ಮೇ 6)

ಕೆರೆಯಲ್ಲಿ ಯಾವ ಮೀನು ಬಿಡಬೇಕು ಎಂಬ ಹದಿನಾಲ್ಕು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ಇಲ್ಲಿ ಕೊಳವೆಯ ಮಾತು ಮುಂದುವರಿಯಲಿ.


ಕೆರೆದಂಡೆ (ಮೇ 6, ರಾತ್ರಿ)

ಸಂಘದವರು ಅರ್ಧ ಮನಸ್ಸು ಮಾಡಿದ್ದಾರೆ. "ಬಾವಿ ಬೇಡವಾದರೆ ಏನು ಬೇಕು, ಚಿತ್ರ ಬರೆದು ಕೊಡಿ" ಎನ್ನುತ್ತಾರೆ. ಚಿತ್ರ ಬರೆಯಲು ನನಗೆ ರಂಗೋಲಿ ಮಾತ್ರ ಗೊತ್ತು.


ನಿವೃತ್ತ ಅಭಿಯಂತರ (ಮೇ 7, ಬೆಳಿಗ್ಗೆ)

ಮೇಲಿನಿಂದ ಕೆಳಕ್ಕೆ ಹೇಳುತ್ತೇನೆ, ರಂಗೋಲಿಯಲ್ಲೇ ಬರೆದುಕೊಳ್ಳಿ.

ಕೊಳವೆಯ ನೀರು ಏಳೆಂಟು ಮೀಟರ್ ಎತ್ತರದಿಂದ ಬರುತ್ತದೆ, ನೇರ ಮಣ್ಣಿಗೆ ಬಿಟ್ಟರೆ ಮೊದಲ ಮಳೆಗೇ ಗುಂಡಿ ಬೀಳುತ್ತದೆ. ಬುಡದಲ್ಲಿ ಕಲ್ಲು ಹಾಸಿದ ಒಂದು ತೊಟ್ಟಿ ಇರಬೇಕು, ನೀರಿನ ರಭಸ ಅಲ್ಲಿ ಮುರಿಯಬೇಕು, ದಪ್ಪ ಮರಳು ಮತ್ತು ಪ್ಲಾಸ್ಟಿಕ್ ಅಲ್ಲೇ ನಿಲ್ಲಬೇಕು. ಈ ತೊಟ್ಟಿಗೆ ಗುದ್ದಲಿ ಹಿಡಿದವನು ಇಳಿಯುವಷ್ಟು ಬಾಯಿ ಇರಲಿ, ಮೇಲೆ ಕಾಂಕ್ರೀಟ್ ಮುಚ್ಚಿ ಮರೆತುಬಿಡಬೇಡಿ. ಅಲ್ಲಿಂದ ನೀರು ಗಿಡಗಳ ಪಾತಿಗೆ. ಪಾತಿಯ ಮೇಲೆ ಒಂದು ಗೇಣು, ಹೆಚ್ಚೆಂದರೆ 30 ಸೆಂ.ಮೀ. ನೀರು ನಿಲ್ಲಲು ಜಾಗ. ಕೆಳಗೆ ಎರಡರಿಂದ ಮೂರು ಅಡಿ ಸೋಸುವ ಮಣ್ಣು, ಅದರ ಕೆಳಗೆ ಜಲ್ಲಿ, ಜಲ್ಲಿಯಲ್ಲಿ ತೂತು ಕೊರೆದ ಕೊಳವೆ. ಸೋಸಿದ ನೀರು ಆ ಕೊಳವೆಯಲ್ಲಿ ಚರಂಡಿಗೆ. ಜೋರು ಮಳೆಯಲ್ಲಿ ಪಾತಿ ತುಂಬಿದರೆ ಹೆಚ್ಚಾದದ್ದು ಮೇಲಿಂದಲೇ ಚರಂಡಿಗೆ ಹೋಗಲು ಕೋಡಿ ಇರಬೇಕು. ಕೆರೆಗೆ ಕೋಡಿ ಇದ್ದ ಹಾಗೆಯೇ.

ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಕಂಬದ ಅಡಿಪಾಯದ ಪಕ್ಕದಲ್ಲಿ ನೀರು ಇಂಗಿಸಲು ಯಾವ ಸೇತುವೆ ಎಂಜಿನಿಯರೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಪಾತಿಯ ತಳಕ್ಕೂ ಪಕ್ಕಕ್ಕೂ ನೀರು ಇಳಿಯದ ಹಾಳೆ ಹಾಸಿ, ಕೊಳವೆಯಿಂದ ನೀರನ್ನು ದೂರ ಒಯ್ಯಿರಿ. ಇಂಗಿಸುವ ಆಸೆಯಿದ್ದರೆ ಸೋಸಿದ ನೀರನ್ನು, ದೂರದಲ್ಲಿ.


ಲೆಕ್ಕಿಗ (ಮೇ 7, ಮಧ್ಯಾಹ್ನ)

40,500 ಲೀಟರ್, 30 ಸೆಂ.ಮೀ. ಆಳ ಎಂದರೆ 135 ಚದರ ಮೀಟರ್. ಪಾತಿ ತುಂಬುತ್ತಿರುವಾಗಲೇ ಕೆಳಗೆ ಇಳಿಯುತ್ತಲೂ ಇರುವುದರಿಂದ ಇನ್ನೂ ಕಡಿಮೆ ಸಾಕು. ಒಟ್ಟು 30×40 ಅಡಿಯ ಒಂದು ಸೈಟಿನಷ್ಟು ಜಾಗ, ನಾಲ್ಕು ಕಂಬಗಳಿಗೆ ಹಂಚಿ. ಸೇತುವೆಯ ಕೆಳಗೆ ಈಗ ನಿಂತಿರುವ ಗುಜರಿ ಕಾರುಗಳನ್ನು ಎತ್ತಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ.


ಜೊಂಡು (ಮೇ 7, ಸಂಜೆ)

ಸೇತುವೆಯ ಕೆಳಗೆ ಬೇಡ. ಅಲ್ಲಿ ಮಳೆಯೂ ಬೀಳುವುದಿಲ್ಲ, ಬಿಸಿಲೂ ಬೀಳುವುದಿಲ್ಲ. ಕಂಬಗಳ ಮೇಲೆ ಕಟ್ಟಿದ ಲಂಬ ತೋಟಗಳ ಗತಿ ಕಂಡಿದ್ದೇವಲ್ಲ, ನೀರು ಕಟ್ಟುವವರು ನಿಂತ ದಿನ ಗಿಡವೂ ನಿಂತಿತು. ಸೇತುವೆಯ ಅಂಚಿನಿಂದ ಹೊರಗೆ, ಬೆಳಗಿನ ಬಿಸಿಲಾದರೂ ತಾಗುವ ಕಡೆ ಪಾತಿ ಇರಲಿ. ಲಾವಂಚ, ಕಾಬಾಳೆ, ಅಂಚಿಗೆ ಗರಿಕೆ. ಜೊಂಡು ಬೇಡ (ನನ್ನ ಹೆಸರನ್ನೇ ನಾನು ಬೇಡ ಎನ್ನುತ್ತಿದ್ದೇನೆ), ಅದಕ್ಕೆ ಸದಾ ನೀರು ಬೇಕು, ಈ ಪಾತಿ ವರ್ಷದ ಅರ್ಧ ಒಣಗಿರುತ್ತದೆ. ಮೊದಲ ಎರಡು ಬೇಸಿಗೆ ಸಂಸ್ಕರಿಸಿದ ನೀರಿನ ಟ್ಯಾಂಕರ್ ತರಿಸಿ ಹನಿಸಿ.

ಮಣ್ಣಿನ ವಿಷಯದಲ್ಲಿ ಎಚ್ಚರ. ಬರೀ ಮರಳು ಹಾಕಿದರೆ ಕಣಗಳು ಸಿಕ್ಕಿಬೀಳುತ್ತವೆ, ಕರಗಿದ ತಾಮ್ರ ಮತ್ತು ಸತು ನುಸುಳಿ ಹೋಗುತ್ತವೆ. ಅವನ್ನು ಹಿಡಿಯುವುದು ಗೊಬ್ಬರ, ಇದ್ದಿಲು. ಹಾಗೆಂದು ಉತ್ಸಾಹದಿಂದ ಗೊಬ್ಬರ ಸುರಿದರೆ ಅದರಿಂದಲೇ ರಂಜಕ ಮತ್ತು ಸಾರಜನಕ ಸೋರಿ ಕೆರೆ ಹಸಿರಾಗುತ್ತದೆ. ಪಾಚಿ ಬೆಳೆಸಲು ನಾವು ಇಷ್ಟೆಲ್ಲ ಮಾಡಬೇಕಿಲ್ಲ. ಮುಕ್ಕಾಲಿಗೂ ಮಿಕ್ಕಿ ಮರಳು, ಚೆನ್ನಾಗಿ ಕಳಿತ ಎಲೆ ಗೊಬ್ಬರ ಸ್ವಲ್ಪ, ಇದ್ದಿಲ ಪುಡಿ ಸ್ವಲ್ಪ. ಸಗಣಿ ಗೊಬ್ಬರ ಖಂಡಿತ ಬೇಡ.


ಬಾವಿಮನೆ (ಮೇ 7, ರಾತ್ರಿ)

ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ತರುವುದಾದರೆ ತೊಳೆದದ್ದನ್ನೇ ತನ್ನಿ. ಕಲ್ಲುಪುಡಿ ಬೆರೆತದ್ದು ಹಾಕಿದರೆ ಎರಡು ಮಳೆಗೆ ಸಿಮೆಂಟಿನಂತೆ ಕುಳಿತು ನೀರು ಇಳಿಯುವುದೇ ಇಲ್ಲ. ಒಂದು ಗಾಜಿನ ಲೋಟದಲ್ಲಿ ಹಿಡಿ ಮರಳು ಹಾಕಿ ನೀರು ಹೊಯ್ದು ಅಲ್ಲಾಡಿಸಿ ಬಿಡಿ. ಐದು ನಿಮಿಷದ ಮೇಲೂ ನೀರು ಬೂದಿ ಬಣ್ಣ ಇದ್ದರೆ ಆ ಲಾರಿಯನ್ನು ಹಿಂದೆ ಕಳುಹಿಸಿ.


ಎರಡು ಚಕ್ರ (ಮೇ 8)

ನೀರು ನಿಂತರೆ ಸೊಳ್ಳೆ? ನಮ್ಮ ಬೀದಿಯಲ್ಲಿ ಡೆಂಗಿ ಕಾಣದ ಮನೆ ಇಲ್ಲ.


ನಿವೃತ್ತ ಅಭಿಯಂತರ (ಮೇ 8)

ಮೊಟ್ಟೆ ಸೊಳ್ಳೆಯಾಗಲು ಒಂದು ವಾರವಾದರೂ ಬೇಕು. ಪಾತಿಯ ನೀರು ಒಂದು ದಿನದಲ್ಲಿ, ತಪ್ಪಿದರೆ ಎರಡು ದಿನದಲ್ಲಿ ಇಳಿದು ಹೋಗಬೇಕು, ಹೋಗದಿದ್ದರೆ ಮೇಲ್ಪದರ ಕಟ್ಟಿಕೊಂಡಿದೆ ಎಂದರ್ಥ. ಎರಡು ಅಂಗುಲ ಕೆರೆದು ಹೊಸ ಮರಳು ಹಾಕಬೇಕು. ಪಾತಿಗಿಂತ ಹೂಳಿನ ತೊಟ್ಟಿಯ ಮೇಲೆ ಕಣ್ಣಿಡಿ, ಸೊಳ್ಳೆಗೆ ಇಷ್ಟವಾಗುವ ಜಾಗ ಅದು.


ಪ್ರಯೋಗಾಲಯ (ಮೇ 9)

ಕಿಟಕಿಯ ಬಾಟಲಿಗಳನ್ನು ಪರೀಕ್ಷೆಗೆ ಕೊಡುವ ಯೋಚನೆ ಇದ್ದರೆ ಬಿಡಿ, ಅವು ಪ್ರದರ್ಶನಕ್ಕೆ ಮಾತ್ರ. ವಾರ ಕಳೆದರೆ ಒಳಗಿನ ಲೆಕ್ಕವೇ ಬದಲಾಗುತ್ತದೆ. ಮುಂದಿನ ಮಳೆಗೆ ಮುಂಚೆಯೇ ಪ್ರಯೋಗಾಲಯದಿಂದ ಬಾಟಲಿ ತಂದಿಟ್ಟುಕೊಳ್ಳಿ. ಎಣ್ಣೆ ಮತ್ತು ಗ್ರೀಸಿಗೆ ಗಾಜಿನ ಬಾಟಲಿಯೇ ಆಗಬೇಕು, ಪ್ಲಾಸ್ಟಿಕ್ಕಿಗೆ ಎಣ್ಣೆ ಅಂಟಿಕೊಂಡು ಕಡಿಮೆ ತೋರಿಸುತ್ತದೆ. ಲೋಹಕ್ಕೆ ಆಮ್ಲದಲ್ಲಿ ತೊಳೆದ ಪ್ಲಾಸ್ಟಿಕ್ ಬಾಟಲಿ, ಕೆಡದಂತೆ ನೈಟ್ರಿಕ್ ಆಮ್ಲದ ಹನಿ. ಒಟ್ಟು ಸತು, ತಾಮ್ರ ಒಂದು ಲೆಕ್ಕ, 0.45 ಮೈಕ್ರಾನ್ ಸೋಸುಹಾಳೆಯಲ್ಲಿ ಸೋಸಿದ ಮೇಲೆ ಉಳಿಯುವ ಕರಗಿದ ಸತು, ತಾಮ್ರ ಇನ್ನೊಂದು ಲೆಕ್ಕ, ಎರಡನ್ನೂ ಕೇಳಿ. ಮೀನಿಗೆ ತಾಗುವುದು ಹೆಚ್ಚಾಗಿ ಕರಗಿದ್ದು. ಬಾಟಲಿಯ ಮೇಲೆ ಮಳೆ ಶುರುವಾದ ಹೊತ್ತು, ನೀರು ಹಿಡಿದ ಹೊತ್ತು, ಅದಕ್ಕೆ ಮುಂಚೆ ಎಷ್ಟು ದಿನ ಒಣಗಿತ್ತು ಎಂದು ಬರೆಯಿರಿ. ಇದಿಲ್ಲದ ಸಂಖ್ಯೆ ಬರೀ ಸಂಖ್ಯೆ.


ಅರ್ಜಿದಾರ (ಮೇ 9)

ಯಾರ ಅನುಮತಿ ಬೇಕು ಎಂಬ ಮುಖ್ಯ ಪ್ರಶ್ನೆಗೆ ಯಾರೂ ಬಂದಿಲ್ಲ. ಸೇತುವೆ ಒಬ್ಬರದು, ಚರಂಡಿ ಇನ್ನೊಬ್ಬರದು, ಕೆರೆ ಮತ್ತೊಬ್ಬರದು. 2025ರ ಸೆಪ್ಟೆಂಬರಿನಿಂದ ಊರಿಗೆ ಐದು ನಗರ ಪಾಲಿಕೆಗಳು ಬೇರೆ. ಯಾರ ಮೇಜಿಗೆ ಹೋದರೂ ಪಕ್ಕದ ಮೇಜಿನತ್ತ ಬೆರಳು ತೋರಿಸುತ್ತಾರೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕೇಳಬೇಕಾದದ್ದು: ಸೇತುವೆಯ ನೀರು ಹೊರಹಾಕುವ ನಕ್ಷೆ, ತೂಬು ಮತ್ತು ಕೊಳವೆ ಶುಚಿಗೊಳಿಸುವ ಕಾಮಗಾರಿಯ ಅಂದಾಜುಪಟ್ಟಿ, ಕಳೆದ ಮೂರು ವರ್ಷದ ಬಿಲ್ಲುಗಳು. ಅರ್ಜಿ ಒಂದೇ ವಿಷಯಕ್ಕಿರಲಿ, 150 ಪದ ಮೀರದಿರಲಿ, ನಮ್ಮ ರಾಜ್ಯದ ನಿಯಮ ಹಾಗಿದೆ. ಉತ್ತರಕ್ಕೆ ಮೂವತ್ತು ದಿನ. ಬಿಲ್ಲಿನಲ್ಲಿ "ತೂಬು ಶುಚಿಗೊಳಿಸಿದ್ದು" ಎಂದಿದ್ದರೆ ಅರಳಿ ಸಸಿಯ ಫೋಟೊ ತೆಗೆದಿಟ್ಟುಕೊಳ್ಳಿ.


ಕೆರೆದಂಡೆ (ಜೂನ್ 21)

ತಡವಾಗಿ ಬರೆಯುತ್ತಿದ್ದೇನೆ. ಮಾಹಿತಿ ಹಕ್ಕಿನ ಉತ್ತರ ಬಂದಿದೆ, ಒಂದೂವರೆ ಸಾಲು: ವಿಷಯವು ಬೇರೆ ಕಚೇರಿಗೆ ಸಂಬಂಧಿಸಿದ್ದು, ವರ್ಗಾಯಿಸಲಾಗಿದೆ. ಆದರೆ ಆ ಅರ್ಜಿಯ ಗಾಳಿಗೆ ಒಂದು ಭಾನುವಾರ ಬೆಳಿಗ್ಗೆ ಒಬ್ಬ ಕಿರಿಯ ಎಂಜಿನಿಯರ್ ತಾವಾಗಿಯೇ ಬಂದರು. ಪಾತಿಗೆ ಲಿಖಿತ ಅನುಮತಿ ತಮ್ಮ ಕೈಯಲ್ಲಿಲ್ಲ ಎಂದರು, ಸೇತುವೆಯ ಅಂಚು ಗುಡಿಸಲು ಯಾರ ಅನುಮತಿಯೂ ಬೇಡವೆಂದು ನಕ್ಕು ಎರಡು ಗಂಟೆ ಒಂದು ಪಥ ಮುಚ್ಚಿಸಿಕೊಟ್ಟರು. ಗುತ್ತಿಗೆದಾರರ ಆರು ಜನ, ನಮ್ಮ ನಾಲ್ಕು ಜನ. ಮುನ್ನೂರು ಮೀಟರಿಗೆ ನಲವತ್ತೊಂದು ಚೀಲ ಮಣ್ಣು. ನಲವತ್ತೊಂದು! ಅರಳಿ ಸಸಿಗಳನ್ನು ಬೇರುಸಹಿತ ತೆಗೆದು ಕೆರೆಯ ಏರಿಯ ಪಕ್ಕ ನೆಟ್ಟೆವು, ಯಾರಿಗೂ ಪಾಪ ಬೇಡವೆಂದು. (ಏರಿಯ ಮೇಲಲ್ಲ, ಅಭಿಯಂತರರು ಬೈಯುವುದು ಬೇಡ.)

ಕೊಳವೆಗಳ ಮುರಿದ ಮೊಣಕೈಗಳನ್ನು ಬದಲಿಸಿದ್ದಾರೆ. ನಾಲ್ಕು ಕಂಬಗಳಲ್ಲಿ ಒಂದರ ಪಕ್ಕ ಕಲ್ಲಿನ ತೊಟ್ಟಿಯೂ ಆಗಿದೆ, ಅದು ಸಂಘದ ಜಾಗದೊಳಗೆ ಬರುತ್ತದೆ. ಪಾತಿ ಅದರ ಪಕ್ಕದಲ್ಲಿ ಅರ್ಧ ತೋಡಿ ನಿಂತಿದೆ, ಸಿಎಸ್‌ಆರ್‌ನವರಿಗೆ ಬಾವಿಯ ಮುಂದೆ ಫಲಕ ನೆಡುವ ಉತ್ಸಾಹ ಮಣ್ಣಿನ ಗುಂಡಿಯ ಮುಂದೆ ಇಲ್ಲ. ಮೊದಲ ಮರಳಿನ ಲಾರಿ ಗಾಜಿನ ಲೋಟದ ಪರೀಕ್ಷೆಯಲ್ಲಿ ಬಿತ್ತು, ಹಿಂದೆ ಕಳುಹಿಸಿದೆವು. ಚಾಲಕ ನನ್ನನ್ನು ಒಂದು ತರಹ ನೋಡಿದ.

ಮೊನ್ನೆ ಮೃಗಶಿರಾ ಮಳೆಗೆ ಮತ್ತೆ ಬಾಟಲಿ ಹಿಡಿದೆ. ಮೊದಲನೆಯದು ಈಗ ಹಾಲು ಕಾಫಿ. ಪಾತಿ ಇನ್ನೂ ಇಲ್ಲ, ಇಷ್ಟೂ ಬರೀ ಪೊರಕೆಯದು.


ಪ್ರಯೋಗಾಲಯ (ಜೂನ್ 21)

ಪೊರಕೆಗೆ ಪೂರ್ತಿ ಅಂಕ ಕೊಡಬೇಡಿ. ಭರಣಿಗೂ ಮೃಗಶಿರಾಕ್ಕೂ ನಡುವೆ ಹಲವು ಮಳೆ ಬಿದ್ದು ಸೇತುವೆಯನ್ನು ತೊಳೆದಿವೆ. ಮುಂದಿನ ವರ್ಷದ ಮೊದಲ ಮಳೆಯ ಜೊತೆ ಹೋಲಿಸಿ.


ಕೆರೆದಂಡೆ (ಜೂನ್ 21)

ಹೌದು, ಅದು ಹೊಳೆಯಲಿಲ್ಲ. ಈಗ ಬೇರೆ ಪ್ರಶ್ನೆ. ನಲವತ್ತೊಂದು ಚೀಲ ಮಣ್ಣು ನಮ್ಮ ಗೇಟಿನ ಒಳಗೆ ಸಾಲಾಗಿ ನಿಂತಿದೆ. ಒಯ್ಯುತ್ತೇವೆ ಎಂದವರು ಬಂದಿಲ್ಲ. ಏನು ಮಾಡುವುದು?


ನಿವೃತ್ತ ಅಭಿಯಂತರ (ಜೂನ್ 21)

ಚರಂಡಿಯ ಪಕ್ಕ ಮಾತ್ರ ರಾಶಿ ಹಾಕಿಸಬೇಡಿ. ಎತ್ತಿದ ಹೂಳನ್ನು ಚರಂಡಿಯ ದಡದಲ್ಲೇ ಗುಡ್ಡೆ ಹಾಕಿ ಮುಂದಿನ ಮಳೆಗೆ ಮತ್ತೆ ಒಳಗೆ ಕಳುಹಿಸುವುದು ನಮ್ಮೂರಿನ ಹಳೆಯ ಪದ್ಧತಿ.


ಜೊಂಡು (ಜೂನ್ 21)

ಟಾರ್ಪಾಲಿನ್ ಮುಚ್ಚಿ, ಮಳೆ ತಾಗದಿರಲಿ. ಒಂದು ಚೀಲದಿಂದ ಮಾದರಿ ತೆಗೆದು ಲೋಹ ಮತ್ತು ಎಣ್ಣೆಗೆ ಪರೀಕ್ಷೆ ಮಾಡಿಸಿ. ಅಪಾಯಕಾರಿ ತ್ಯಾಜ್ಯ ಎಂದು ಬಂದರೆ ಅದಕ್ಕೆ ಬೇರೆಯೇ ವಿಲೇವಾರಿ, ಸಾಮಾನ್ಯ ಕಸದ ಲಾರಿಗೆ ಹಾಕುವಂತಿಲ್ಲ. ಏನೇ ಆದರೂ ಕುಂಡಕ್ಕೆ, ಕೈತೋಟಕ್ಕೆ, ಸೊಪ್ಪಿನ ಮಡಿಗೆ ಹಾಕಬೇಡಿ. ನೋಡಲು ಒಳ್ಳೆಯ ಕರಿಮಣ್ಣಿನ ಹಾಗಿರುತ್ತದೆ, ಅದೇ ಅಪಾಯ.


ಕೆರೆದಂಡೆ (ಜೂನ್ 22, ಬೆಳಿಗ್ಗೆ)

ಈಗ ಹೋಗಿ ಎಣಿಸಿದೆ. ಮೂವತ್ತೊಂಬತ್ತು ಚೀಲ ಇವೆ. ನಮ್ಮ ಮಾಲಿ ಎರಡನ್ನು ಆಗಲೇ ಅಧ್ಯಕ್ಷರ ಮನೆಯ ದಾಸವಾಳಕ್ಕೆ ಹಾಕಿಬಿಟ್ಟಿದ್ದಾನೆ. ಅಗೆದು ತೆಗೆಸಲು ಹೊರಟಿದ್ದೇನೆ.